ಘೋಡಗೇರಿಯ ಹಾಡುಗಾರ

ಸಹ್ಯಾದ್ರಿಯಿಂದ ಇಳಿದ ಘಟಪ್ರಭೆ ಹುಕ್ಕೇರಿ ಸೀಮೆಯನ್ನು ಹಾದು ಗೋಕಾಕದ ಬಳಿ ಬಂಡೆಯ ಅಂಚಿಗೆ ಬರುತ್ತದೆ, ಅಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಅಲ್ಲಿಂದ ಆಚೆಗೆ ಮೂಡಲಗಿಯ ಬಯಲು. ಈ ಸೀಮೆಯ ಚರಿತ್ರೆ ಬರೆಯಹೊರಟವರಿಗೆ ಸಿದ್ಧವಾಗಿರುವ ದಾರಿಗಳು ಎರಡು. ಹುಕ್ಕೇರಿಯ ಹಳೆಯ ಗುಮ್ಮಟಗಳಿಂದ ಹೊರಟರೆ ಸುಲ್ತಾನರ ಚರಿತ್ರೆ. 1887ರಲ್ಲಿ ನೀರಿನ ಬಲದಿಂದ ನೂಲುವ ಗಿರಣಿ ತಿರುಗಿದ ಗೋಕಾಕ ಫಾಲ್ಸಿನಿಂದ ಹೊರಟರೆ ಕಂಪನಿಯ ಚರಿತ್ರೆ. ಎರಡರಲ್ಲೂ ಹೊತ್ತು ಮುಳುಗಿದ ಮೇಲಿನ ಸಂಗತಿಗಳಿಗೆ ಜಾಗವಿಲ್ಲ. ಈ ನಾಡಿನ ದೊಡ್ಡ ಕೆಲಸಗಳಾದರೋ ಬಹಳ ಕಾಲ ನಡೆದದ್ದು ರಾತ್ರಿಯಲ್ಲಿಯೇ. ಊರ ನಡುವೆ ಹಲಗೆ ಹಾಸಿ, ದೀಪ ಹಚ್ಚಿ, ಹಿಂದೆ ಹಿಮ್ಮೇಳ ನಿಲ್ಲಿಸಿ, ಬೆಳ್ಳಿ ಮೂಡುವವರೆಗೆ ಹಾಡುತ್ತಿದ್ದ ಜನರ ಕೆಲಸ ಅದು.

ಆ ಜನರಲ್ಲಿ ಮೊದಲ ಹೆಸರು ಕುಲಗೋಡ ತಮ್ಮಣ್ಣನದು. ಕುಲಗೋಡ ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದ ಊರು. ಈಗ ಮೂಡಲಗಿಯೇ ತಾಲ್ಲೂಕಾದ ಮೇಲೆ ಅದರಲ್ಲಿದೆ. ರಾಯಚೂರು ಕಡೆಯ ಅಪರಾಳ ತಮ್ಮಣ್ಣ ಎಂಬ ಕವಿ ರಚಿಸಿದ ಶ್ರೀಕೃಷ್ಣ ಪಾರಿಜಾತ ಈ ಊರಿನ ಇನ್ನೊಬ್ಬ ತಮ್ಮಣ್ಣನ ಕೈಗೆ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವನು ಅದನ್ನು ರಂಗಕ್ಕೆ ಒಗ್ಗಿಸಿದ, ಜನರ ನಾಲಗೆಗೆ ಒಗ್ಗಿಸಿದ. ಬರೆದವನ ಹೆಸರೂ ತಮ್ಮಣ್ಣ, ಆಡಿಸಿದವನ ಹೆಸರೂ ತಮ್ಮಣ್ಣ. ಹೀಗಾಗಿ ಯಾವ ಪದ ಯಾರದು ಎಂದು ಬಿಡಿಸುವ ಕೆಲಸ ವಿದ್ವಾಂಸರ ಪಾಲಿಗೆ ಉಳಿಯಿತು. ಆಟ ನೋಡಲು ಬಂದ ರೈತನಿಗೆ ಆ ಚಿಂತೆ ಇರಲಿಲ್ಲ.

ಪಾರಿಜಾತದ ಕಥೆ ಸಣ್ಣದು. ನಾರದ ದೇವಲೋಕದ ಹೂವೊಂದನ್ನು ತಂದು ಕೃಷ್ಣನಿಗೆ ಕೊಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಮುಡಿಸುತ್ತಾನೆ. ಸುದ್ದಿ ತಿಳಿದ ಸತ್ಯಭಾಮೆ ಮುನಿದು ಬಾಗಿಲು ಹಾಕಿಕೊಳ್ಳುತ್ತಾಳೆ. ಇಷ್ಟರ ಮೇಲೆ ಇಡೀ ರಾತ್ರಿ ಕಟ್ಟಬೇಕು. ಕಟ್ಟುವುದು ಹಾಡಿನಿಂದ, ಮತ್ತು ಭಾಗವತನೊಡನೆ ಪಾತ್ರಗಳು ನಡೆಸುವ ಮಾತಿನ ಜಗ್ಗಾಟದಿಂದ. ಕೊರವಂಜಿಯ ಪ್ರಸಂಗವನ್ನೇ ನೋಡಿ. ಕೃಷ್ಣ ಕಣಿ ಹೇಳುವ ಹೆಣ್ಣಿನ ವೇಷದಲ್ಲಿ ಸತ್ಯಭಾಮೆಯ ಮನೆಗೆ ಬರುತ್ತಾನೆ. ಗಂಡನ ಮೇಲೆ ಮುನಿದು ಕೂತವಳು ಗುರುತರಿಯದೆ ಆ ಗಂಡನ ಕೈಗೇ ತನ್ನ ಕೈ ಕೊಟ್ಟು ಭವಿಷ್ಯ ಕೇಳುತ್ತಾಳೆ. ಅವನು ಅವಳ ಅಂಗೈ ಹಿಡಿದು ಅವಳ ಸೊಕ್ಕನ್ನು ಒಂದೊಂದು ರೇಖೆಯಲ್ಲೂ ಓದಿ ಹೇಳುತ್ತಾನೆ. ನೆರೆದ ಊರಿಗೆಲ್ಲ ಗುಟ್ಟು ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ. ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಗುವ ಹೊತ್ತದು. ಇಲ್ಲಿ ಹಾಡುಗಾರ ಒಂದು ಪದವನ್ನು ಎಷ್ಟು ಹೊತ್ತು ಎಳೆಯಬೇಕು, ಎಲ್ಲಿ ಕಡಿಯಬೇಕು ಎಂಬುದು ಯಾವ ಹಸ್ತಪ್ರತಿಯಲ್ಲೂ ಇಲ್ಲ. ಮುಂದೆ ಕುಳಿತವರ ಮುಖ ನೋಡಿ ಅವನೇ ನಿರ್ಧರಿಸಬೇಕು. ಗರುಡನ ಗರ್ವ ಮುರಿಯಲು ಹನುಮಂತ ಬರುವ ಹೊತ್ತಿಗೆ ಮೂಡಣ ಕೆಂಪಾಗಿರುತ್ತದೆ. ಹನುಮಂತನಿಗಾಗಿ ಕೃಷ್ಣ ರಾಮನಾಗುತ್ತಾನೆ. ಸೀತೆಯಾಗಲು ಸತ್ಯಭಾಮೆಗೆ ಆಗುವುದಿಲ್ಲ, ರುಕ್ಮಿಣಿಗೆ ಆಗುತ್ತದೆ.

ತಮ್ಮಣ್ಣನ ನಂತರ ಈ ಆಟಕ್ಕೆ ದೊರೆತ ದೊಡ್ಡ ದನಿ ಕೌಜಲಗಿಯ ನಿಂಗಮ್ಮನದು. ಹೆಣ್ಣುವೇಷವನ್ನೂ ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ ಗೋಕಾಕ ಸೀಮೆಯ ಈ ಹೆಣ್ಣುಮಗಳು ಸ್ವಂತ ಮೇಳ ಕಟ್ಟಿ ಪಾರಿಜಾತವನ್ನು ಊರೂರಿಗೆ ಒಯ್ದಳು. ಪಾರಿಜಾತ ಎಂದರೆ ಕೌಜಲಗಿ, ಕೌಜಲಗಿ ಎಂದರೆ ನಿಂಗಮ್ಮ ಎನ್ನುವಷ್ಟು ಅವಳ ಹೆಸರು ಆಟದೊಡನೆ ಬೆರೆಯಿತು. ಗಡಿಯಾಚೆಗೆ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕ ಆಡಿಸಿದ್ದು ಕರ್ನಾಟಕದ ಭಾಗವತ ಮೇಳಗಳ ಆಟ ನೋಡಿದ ಮೇಲೆ. ಅದೇ ವರ್ಷ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದರು. ಮರಾಠಿ ಸಂಗೀತ ನಾಟಕಕ್ಕೆ ಪಾರಿಜಾತದ ಋಣವಿದೆಯೆಂದು ನಮ್ಮ ಕಡೆಯ ವಿದ್ವಾಂಸರು ವಾದಿಸುತ್ತ ಬಂದಿದ್ದಾರೆ. ಋಣದ ಲೆಕ್ಕ ಏನೇ ಇರಲಿ, ಪುಣೆಯ ನಾಟಕಕ್ಕೆ ಟಿಕೀಟು, ಪರದೆ, ಪತ್ರಿಕೆಯ ವಿಮರ್ಶೆ ದೊರೆತವು. ಕುಲಗೋಡದ ಆಟಕ್ಕೆ ಅಕ್ಕಪಕ್ಕದ ಹಳ್ಳಿಗಳ ನೆನಪಷ್ಟೇ ದೊರೆಯಿತು.

ಕೌಜಲಗಿಯಿಂದ ಬೆಟಗೇರಿ ದೂರವೇನಲ್ಲ. 1900ರಲ್ಲಿ ಅಲ್ಲಿ ಹುಟ್ಟಿದ ಕೃಷ್ಣಶರ್ಮರು ‘ಆನಂದಕಂದ’ ಎಂಬ ಹೆಸರಿನಲ್ಲಿ ಬರೆದು, ಹಳ್ಳಿಯ ಆಡುನುಡಿ ಅಚ್ಚಿನ ಕವಿತೆಗೂ ಸಲ್ಲುತ್ತದೆಂದು ತೋರಿಸಿದರು. ಅವರ ‘ನಲ್ವಾಡುಗಳು’ ಹಾಡಲೆಂದೇ ಹುಟ್ಟಿದವು. ಆದರೂ ಅವರು ಧಾರವಾಡದಲ್ಲಿ ನೆಲೆಸಿ ‘ಜಯಂತಿ’ ಪತ್ರಿಕೆ ನಡೆಸಿದ ಸಂಪಾದಕರು, ಸಂಭಾವಿತರು. ಪದ ಕಟ್ಟಿ, ಮಟ್ಟು ಹಾಕಿ, ತಾನೇ ಎದ್ದುನಿಂತು ಹಾಡುವ ತಮ್ಮಣ್ಣನ ಮಾದರಿಯ ಮನುಷ್ಯ ಮತ್ತೆ ಬರಬೇಕಾದರೆ ನದಿಯ ದಂಡೆಯಲ್ಲಿ ಮೇಲಕ್ಕೆ, ಹುಕ್ಕೇರಿ ತಾಲ್ಲೂಕಿನ ಘೋಡಗೇರಿಗೆ ಹೋಗಬೇಕು.

1937ರ ಜನವರಿ 2ರಂದು ಘೋಡಗೇರಿಯ ಕಂಬಾರ ಬಸವಣ್ಣೆಪ್ಪ ಮತ್ತು ಚೆನ್ನಮ್ಮ ದಂಪತಿಗೆ ಮೂರನೆಯ ಮಗ ಹುಟ್ಟಿದ. ಅವನೇ ಚಂದ್ರಶೇಖರ ಕಂಬಾರ. ಕುಲುಮೆಯ ಸುತ್ತಿಗೆಪೆಟ್ಟಿನಲ್ಲೇ ಅವನಿಗೆ ತಾಳ ಸಿಕ್ಕಿತು ಎಂದು ಬರೆಯಲು ಯಾರಿಗಾದರೂ ಆಸೆಯಾದೀತು. ನನಗೆ ಅದರಲ್ಲಿ ನಂಬಿಕೆಯಿಲ್ಲ. ತಾಳ ಸಿಕ್ಕಿದ್ದು ಊರ ಬಯಲಿನಲ್ಲಿ. ದೊಡ್ಡಾಟ, ಸಣ್ಣಾಟ, ಪಾರಿಜಾತ, ಲಾವಣಿ, ಹೆಣ್ಣುಮಕ್ಕಳ ಹಬ್ಬದ ಹಾಡು ಇವೆಲ್ಲ ಉಸಿರಾಡುವ ಗಾಳಿಯಂತಿದ್ದ ಸೀಮೆಯಲ್ಲಿ ಬೆಳೆದ ಹುಡುಗ ಅವನು. ಓದಲು ಗೋಕಾಕಕ್ಕೆ ಹೋದ. ಬಡತನ ತಡೆಯಲಾಗದೆ ನಡುವೆಯೇ ಊರಿಗೆ ಮರಳಿದ. ಸಾವಳಗಿ ಮಠದ ಜಗದ್ಗುರು ಸಿದ್ಧರಾಮ ಸ್ವಾಮಿಗಳು ಖರ್ಚು ವಹಿಸಿಕೊಂಡು ಅವನನ್ನು ಮತ್ತೆ ಶಾಲೆಗೆ ಕಳಿಸಿದರು. ಈ ಉಪಕಾರವನ್ನು ಕಂಬಾರರು ತಮ್ಮ ಬದುಕಿನ ಕಥೆ ಹೇಳುವಾಗಲೆಲ್ಲ ನೆನೆದಿದ್ದಾರೆ. ಗೋಕಾಕದಲ್ಲಿ ಆಗ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಮಾಸ್ತರರಾಗಿದ್ದರು. ಅಲ್ಲಿಂದ ಬೆಳಗಾವಿ, ಬೆಳಗಾವಿಯಿಂದ ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದ ಎಂ.ಎ. ಪದವಿ 1962ರಲ್ಲಿ.

ಇಲ್ಲೊಂದು ಮಾತು ಹೇಳಿಬಿಡಬೇಕು. ಕನ್ನಡಕ್ಕೆ 1990ರ ಜ್ಞಾನಪೀಠ ತಂದ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಸಾವಿರ ಹಾಡಿನ ಸರದಾರ ಬಾಳಪ್ಪ ಹುಕ್ಕೇರಿಯವರ ಊರು ಮುರಗೋಡ. ಊರುಗಳ ಹೆಸರು ಹೊತ್ತವರು ಬೇರೆ ಕಡೆ ಹುಟ್ಟಿದರು. ಹುಕ್ಕೇರಿಯ ಮಣ್ಣಿನಲ್ಲಿ ಹುಟ್ಟಿ ಗೋಕಾಕದ ಬೀದಿಗಳಲ್ಲಿ ಬೆಳೆದವನ ಹೆಸರಿನಲ್ಲಿ ಇದ್ದದ್ದು ಕಸುಬೊಂದೇ.

ಕಂಬಾರರು ಬರೆಯಲು ತೊಡಗಿದ ಕಾಲ ಹಾಡಿಗೆ ಒಳ್ಳೆಯದಾಗಿರಲಿಲ್ಲ. ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ 1959ರಲ್ಲಿ ಬಂದಿತ್ತು. ಕವಿತೆಯೆಂದರೆ ಒಬ್ಬಂಟಿಯಾಗಿ, ಮೌನವಾಗಿ, ಮತ್ತೆ ಮತ್ತೆ ಓದಿ ಬಿಡಿಸಬೇಕಾದ ವಸ್ತು ಎಂಬ ನವ್ಯರ ತಿಳಿವಳಿಕೆ ಬಲವಾಗಿತ್ತು. ಹಾಡಲು ಬಂದರೆ ಅದು ಭಾವಗೀತೆ, ಭಾವಗೀತೆಯಾದರೆ ಅದು ಹಳೆಯದು ಎಂಬ ಸಮೀಕರಣವೂ ಜೊತೆಗಿತ್ತು. ಕಂಬಾರರ ಮೊದಲ ಸಂಕಲನ ‘ಮುಗುಳು’ 1958ರದು. ಅದನ್ನು ಇವತ್ತು ಅವರ ಹೆಸರಿಗಾಗಿ ಮಾತ್ರ ನೆನೆಯುತ್ತೇವೆ. ಅವರಿಗೆ ದಾರಿ ತೆರೆದದ್ದು 1964ರ ‘ಹೇಳತೇನ ಕೇಳ’. ರಾಕ್ಷಸನೊಬ್ಬ ಊರಗೌಡನನ್ನು ಮುಗಿಸಿ, ಗೌಡನ ರೂಪ ತೊಟ್ಟು ಊರೊಳಗೆ ಬರುವ ಕಥೆಯನ್ನು ಲಾವಣಿಯ ಧಾಟಿಯಲ್ಲಿ ಹೇಳುವ ದೀರ್ಘ ಕಾವ್ಯ ಅದು. ವಸ್ತು ನವ್ಯರಿಗೂ ಒಪ್ಪುವಂಥದು: ಒಳಗೆ ಟೊಳ್ಳಾದ ಊರು, ಹೊರಗಿನಿಂದ ಬಂದು ಮನೆಯೊಡೆಯನಂತೆ ಕುಳಿತ ಕೇಡು. ಆದರೆ ಅದನ್ನು ಹೇಳುವವನು ಕನ್ನಡಕ ಏರಿಸಿ ಕೂತ ಓದುಗನನ್ನು ನೆಚ್ಚಿಕೊಂಡಿಲ್ಲ. ಎದುರಿಗೆ ಮಂದಿ ಕೂತಿದ್ದಾರೆಂದೇ ತಿಳಿದು ಗಂಟಲು ಸರಿಮಾಡಿಕೊಂಡಿದ್ದಾನೆ. ಕಂಬಾರರು ಇದನ್ನು ಸಭೆಗಳಲ್ಲಿ ಹಾಡಿದಾಗ ನವ್ಯದ ಕಟ್ಟಾ ಓದುಗರೂ ಕೇಳುಗರಾಗಬೇಕಾಯಿತು.

ಜಗತ್ತಿನ ಇನ್ನೊಂದು ಮೂಲೆಯಲ್ಲಿ ಅದೇ ದಶಕದಲ್ಲಿ ಇಂಥದೇ ಕೆಲಸ ತಿರುಗುಮುರುಗಾಗಿ ನಡೆಯುತ್ತಿತ್ತು. ಕೆನಡಾದ ಮಾಂಟ್ರಿಯಲ್ ನಗರದ ಲಿಯೊನಾರ್ಡ್ ಕೊಹೆನ್ 1956ರಲ್ಲಿ ಮೊದಲ ಕವನ ಸಂಕಲನ ತಂದ ಕವಿ, ಕಾದಂಬರಿಕಾರ. ಮೂವತ್ತು ದಾಟಿದ ಮೇಲೆ ಗಿಟಾರ್ ಹಿಡಿದು 1967ರ ಕೊನೆಯಲ್ಲಿ ಮೊದಲ ಧ್ವನಿಮುದ್ರಿಕೆ ಹೊರತಂದ. ಕವಿ ಹಾಡುಗಾರನಾದದ್ದು ಅಲ್ಲಿ ಸುದ್ದಿಯಾಯಿತು. ಹಾಡು ಸಾಹಿತ್ಯವೇ ಎಂಬ ಜಗಳ 2016ರಲ್ಲಿ ಬಾಬ್ ಡಿಲನ್‌ಗೆ ನೊಬೆಲ್ ಬಂದಾಗಲೂ ಮುಗಿದಿರಲಿಲ್ಲ. 1968ರ ಹೊತ್ತಿಗೆ ಕಂಬಾರರು ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತಿದ್ದರು. ಎ.ಕೆ. ರಾಮಾನುಜನ್ ಇದ್ದ ಊರು ಅದು. ಅಮೆರಿಕದ ಬೀದಿಗಳೆಲ್ಲ ಗಿಟಾರಿನಿಂದ ಮೊಳಗುತ್ತಿದ್ದ ವರ್ಷಗಳವು. ಆದರೆ ಕಂಬಾರರು ಅಲ್ಲಿಂದ ಏನನ್ನೂ ಹೊತ್ತು ತಂದಂತೆ ಅವರ ಹಾಡುಗಳಲ್ಲಿ ಕಾಣುವುದಿಲ್ಲ. ಕವಿ ಹಾಡಬಹುದೇ ಎಂಬ ಪ್ರಶ್ನೆಯನ್ನೇ ಕೇಳದ ಸೀಮೆಯಿಂದ ಹೋದವರಿಗೆ ಅಲ್ಲಿ ಕಲಿಯಬೇಕಾದದ್ದು ಏನಿತ್ತು? ಮಾವೋ ತ್ಸೆ ತುಂಗನ ಮೇಲೆ ಅವರು ಬರೆದ ಕವಿತೆಯನ್ನು ಕೇಳಿ. ಚೀನದ ಮುಖಂಡ ಅಲ್ಲಿ ಉತ್ತರ ಕರ್ನಾಟಕದ ಲಾವಣಿಕಾರನ ಬಾಯಲ್ಲಿ, ಪಕ್ಕದೂರಿನ ವೀರನಂತೆ ಹಾಡಿಸಿಕೊಳ್ಳುತ್ತಾನೆ. ಬಂಡಾಯದ ದಿನಗಳಲ್ಲಿ ಅದನ್ನು ಹಾಡಿಕೊಂಡು ತಿರುಗಿದ ಹುಡುಗರಿಗೆ ರಾಕ್ ಸಂಗೀತದ ಕೊರತೆ ಕಾಡಿರಲಿಕ್ಕಿಲ್ಲ.

ಮರಳಿ ಬಂದವರು ಬೆಂಗಳೂರು ವಿಶ್ವವಿದ್ಯಾಲಯ ಸೇರಿದರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಪಿಎಚ್.ಡಿ. ಮಾಡಿದರು. ಬೈಲಹೊಂಗಲ ಕಡೆಯ ಸಣ್ಣಾಟ ‘ಸಂಗ್ಯಾ ಬಾಳ್ಯಾ’ವನ್ನು ಸಂಪಾದಿಸಿ ಅಚ್ಚಿಗೆ ತಂದರು. ಕುಲಗೋಡದ ತಮ್ಮಣ್ಣ, ಕೌಜಲಗಿಯ ನಿಂಗಮ್ಮ ಹೀಗೆ ವಿಶ್ವವಿದ್ಯಾಲಯದ ಕಪಾಟಿಗೆ ಪ್ರವೇಶ ಪಡೆದರು. ಇದು ಹಾಡುಗಾರನ ಕೆಲಸವಲ್ಲ, ವಿದ್ವಾಂಸನ ಕೆಲಸ ಎಂದು ಪಕ್ಕಕ್ಕಿಡಬಹುದು. ಆದರೆ ತನ್ನ ಪೂರ್ವಿಕರ ಮಟ್ಟುಗಳನ್ನು ಕಂಬಾರರಷ್ಟು ಕೂಲಂಕಷವಾಗಿ ಲೆಕ್ಕಹಾಕಿ ಇಟ್ಟುಕೊಂಡ ಹಾಡುಗಾರ ಇನ್ನೊಬ್ಬನನ್ನು ನಾನು ಕಾಣೆ.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಬಿ.ವಿ. ಕಾರಂತರು ಪ್ರತಿಮಾ ನಾಟಕ ರಂಗಕ್ಕಾಗಿ ಆಡಿಸಿದ ನಾಟಕಗಳು ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿದವೆಂಬುದು ಈಗ ಎಲ್ಲರೂ ಒಪ್ಪುವ ಮಾತು. ಅಲ್ಲಿ ‘ಈಡಿಪಸ್’ ಇತ್ತು, ಲಂಕೇಶರ ‘ಸಂಕ್ರಾಂತಿ’ ಇತ್ತು. ಜೊತೆಗೆ ಕಂಬಾರರ ‘ಜೋಕುಮಾರಸ್ವಾಮಿ’. ಅದರ ಬೇರು ಅರಿಯಬೇಕಾದರೆ ಭಾದ್ರಪದದಲ್ಲಿ ಗೋಕಾಕ-ಹುಕ್ಕೇರಿಯ ಯಾವುದಾದರೂ ಊರಿನ ಕಟ್ಟೆಯ ಮೇಲೆ ಕೂರಬೇಕು. ಗಣಪತಿ ಹೋದ ಮೇಲೆ ಜೋಕುಮಾರ ಬರುತ್ತಾನೆ. ಹಸಿಮಣ್ಣಿನ ಮೂರ್ತಿ, ಅಗಲ ಬಾಯಿ, ದೊಡ್ಡ ಮೀಸೆ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಅವನನ್ನು ಕೂರಿಸಿ, ತಲೆಯ ಮೇಲೆ ಹೊತ್ತು, ಹೆಣ್ಣುಮಕ್ಕಳು ಮನೆಮನೆಯ ಮುಂದೆ ಇಳಿಸಿ ಹಾಡುತ್ತಾರೆ. ಮನೆಯವರು ಜೋಳ ನೀಡುತ್ತಾರೆ, ಮೂರ್ತಿಯ ತುಟಿಗೆ ಬೆಣ್ಣೆ ಸವರುತ್ತಾರೆ. ದಿನಗಳು ಕಳೆದಂತೆ ಆ ಬಾಯಿಯ ಮಣ್ಣು ಬೆಣ್ಣೆಯಿಂದ ನೆನೆದು ಕಪ್ಪಾಗುತ್ತದೆ. ಅವನ ಆಯುಷ್ಯ ಏಳು ದಿನ. ಕಡೆಯ ರಾತ್ರಿ ಅಗಸರ ಕಲ್ಲಿನ ಬಳಿ ಅವನ ಕಥೆ ಮುಗಿಯುತ್ತದೆ. ಮಳೆ, ಬೆಳೆ, ಬಸಿರು ಮೂರನ್ನೂ ಕೊಟ್ಟು ಸಾಯುವ ದೇವರು.

ಈ ಆಚರಣೆಯ ಒಳಗೆ ಕಂಬಾರರು ಭೂಮಿಯ ಪ್ರಶ್ನೆಯನ್ನು ಇಟ್ಟರು. ಊರಿನ ನೆಲವನ್ನೆಲ್ಲ ತನ್ನದೆನ್ನುವ ಗೌಡನಿಗೆ ಮಕ್ಕಳಿಲ್ಲ. ನೆಲ ಉಳುವ ಬಸಣ್ಣ ಅವನಿಗೆ ತಲೆಬಾಗುವುದಿಲ್ಲ. ಬಸಿರಿಗಾಗಿ ಗೌಡತಿ ಗಂಡನಿಗೆಂದು ಮಾಡಿದ ಜೋಕುಮಾರನ ಪಡವಲಕಾಯಿ ಪಲ್ಯ ಬಸಣ್ಣನ ಹೊಟ್ಟೆ ಸೇರುತ್ತದೆ. ಉತ್ತವನಿಗೇ ಫಲ, ಅದಕ್ಕೆ ಬಸಣ್ಣ ಕೊಡುವ ಬೆಲೆ ಪ್ರಾಣ. ಕರ್ನಾಟಕದಲ್ಲಿ ಉಳುವವನೇ ಒಡೆಯ ಎಂಬ ಕಾನೂನಿಗೆ ಎರಡು ವರ್ಷ ಮುಂಚಿನ ನಾಟಕವಿದು ಎಂಬುದನ್ನು ನೆನಪಿಡಬೇಕು. ಆದರೆ ಅಂದು ಬಯಲಿನಲ್ಲಿ ಕೂತಿದ್ದವರನ್ನು ಹಿಡಿದದ್ದು ವಾದಕ್ಕಿಂತ ಹಾಡು. ನಾಟಕಕಾರರೇ ಮೇಳದಲ್ಲಿ ನಿಂತು ದನಿ ಎತ್ತಿದ್ದರು. ನಾಟಕ ಬರೆದವನು ಪ್ರೇಕ್ಷಕರ ಸಾಲಿನಲ್ಲಿ ಕೈಕಟ್ಟಿ ಕೂರುವುದನ್ನೇ ನೋಡಿದ್ದ ನಗರಕ್ಕೆ ಇದು ಹೊಸತು. ಕುಲಗೋಡದಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ‘ಜೋಕುಮಾರಸ್ವಾಮಿ’ಗೆ ಕಮಲಾದೇವಿ ಚಟ್ಟೋಪಾಧ್ಯಾಯ ಪ್ರಶಸ್ತಿ ಬಂತು, ದೇಶದ ಹಲವು ಭಾಷೆಗಳಿಗೆ ನಾಟಕ ಹೋಯಿತು. ಬೇರೆ ಭಾಷೆಯಲ್ಲಿ ಕಥೆ ಉಳಿಯುತ್ತದೆ, ವಿಚಾರ ಉಳಿಯುತ್ತದೆ. ಹಾಡು ಮಾತ್ರ ಪ್ರತಿ ಊರಿನಲ್ಲೂ ಹೊಸದಾಗಿ ಹುಟ್ಟಬೇಕಾಗುತ್ತದೆ.

ಆಮೇಲೆ ಸಿನಿಮಾ. ‘ಕಾಡು ಕುದುರೆ’ಯನ್ನು ಕಂಬಾರರೇ ನಿರ್ದೇಶಿಸಿದರು, ಹಾಡು ಬರೆದರು, ಮಟ್ಟು ಹಾಕಿದರು. ಶೀರ್ಷಿಕೆಯ ಹಾಡನ್ನು ಹಾಡಲು ಕರೆದದ್ದು ಶಿವಮೊಗ್ಗದ ವಕೀಲ ಸುಬ್ಬಣ್ಣ ಅವರನ್ನು. 1978ನೇ ಸಾಲಿನ ರಾಷ್ಟ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕ ಎಂಬ ಮನ್ನಣೆ ಸುಬ್ಬಣ್ಣನವರಿಗೆ ಬಂತು. ಕನ್ನಡಿಗನೊಬ್ಬನಿಗೆ ಆ ಗೌರವ ಬಂದದ್ದು ಅದೇ ಮೊದಲು. ಅರಬ್ಬಿ ಕುದುರೆಯೂ ಅಲ್ಲ, ಅರಮನೆಯ ಲಾಯದ ಕುದುರೆಯೂ ಅಲ್ಲ. ಕಡಿವಾಣ ಕಾಣದ ಒಂದು ಶಕ್ತಿ ಊರಿನ ಮೇಲೆ ನುಗ್ಗಿ ಬಂದಂತೆ ಆ ಹಾಡು ನುಗ್ಗುತ್ತದೆ. ಅದರ ಲಯ ನಿಲ್ಲಲು ಬಿಡುವುದಿಲ್ಲ, ಉಸಿರು ತೆಗೆದುಕೊಳ್ಳಲು ಗಾಯಕನಿಗೆ ಜಾಗ ಸಿಗುವುದು ಕಷ್ಟ. ಮಲೆನಾಡಿನಲ್ಲಿ ಬೆಳೆದ ನಾಲಗೆ ಬೆಳಗಾವಿ ಸೀಮೆಯ ನುಡಿಯನ್ನು ಅಷ್ಟು ಸಲೀಸಾಗಿ ಹಿಡಿದದ್ದು ಈಗಲೂ ಬೆರಗೇ.

ಆ ಹಾಡಿನ ಕೀರ್ತಿಯಿಂದ ಕಂಬಾರರಿಗೆ ಒಂದು ನಷ್ಟವೂ ಆಯಿತೆಂದು ನನ್ನ ಎಣಿಕೆ. ನಾಡಿನ ಕಿವಿಯಲ್ಲಿ ಅವರ ಇಡೀ ಹಾಡುಗಾರಿಕೆ ಒಂದೇ ಹಾಡಿಗೆ ಇಳಿಯಿತು. ಹಾಡಿದವರು ಸುಬ್ಬಣ್ಣ ಎಂದು ಎಲ್ಲರಿಗೂ ಗೊತ್ತು. ಬರೆದವರು ಕಂಬಾರರು ಎಂದು ಬಹಳ ಜನರಿಗೆ ಗೊತ್ತು. ಮಟ್ಟು ಹಾಕಿದವರೂ ಅವರೇ ಎಂದರೆ ಹುಬ್ಬೇರಿಸುವವರಿದ್ದಾರೆ. ಕುಲಗೋಡದ ತಮ್ಮಣ್ಣನಿಗೆ ಒದಗಿದ ಗತಿಗಿಂತ ಇದು ವಾಸಿಯೇ. ಅವನ ಮಟ್ಟು ಯಾವುದೆಂದು ಹೇಳುವ ಧ್ವನಿಮುದ್ರಿಕೆಯೇ ಇಲ್ಲ.

ಮುಂದಿನ ಸಂಗತಿಗಳು ಎಲ್ಲ ಕೈಪಿಡಿಗಳಲ್ಲೂ ಇವೆ. ‘ಸಂಗೀತ’ ಎಂಬ ಚಿತ್ರ, ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿ, 1991ರಲ್ಲಿ ‘ಸಿರಿಸಂಪಿಗೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ ಪಟ್ಟ, 2001ರಲ್ಲಿ ಪದ್ಮಶ್ರೀ, ವಿಧಾನ ಪರಿಷತ್ತಿನ ಸದಸ್ಯತ್ವ, 2010ನೇ ಸಾಲಿನ ಜ್ಞಾನಪೀಠ, 2018ರಲ್ಲಿ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಭೂಷಣ. ಕನ್ನಡಕ್ಕೆ ಬಂದ ಎಂಟನೆಯ ಜ್ಞಾನಪೀಠ ಕಂಬಾರರದು. ಆ ಎಂಟು ಜನರಲ್ಲಿ ಬರೆದದ್ದಕ್ಕೆ ತಾವೇ ರಾಗ ಹಾಕಿ ಸಭೆಯಲ್ಲಿ ಹಾಡುವುದನ್ನು ಕಸುಬಿನ ಭಾಗವೆಂದೇ ತಿಳಿದವರು ಬೇಂದ್ರೆ ಮತ್ತು ಕಂಬಾರ ಇಬ್ಬರೇ ಎಂದು ತೋರುತ್ತದೆ. ಬೇಂದ್ರೆಯವರ ಓದು ಹಾಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಕಂಬಾರರದು ಸೀದಾ ಮೇಳದ ಗಂಟಲು.

ಕಂಬಾರರ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಶಿವಾಪುರ ಘೋಡಗೇರಿಯೇ ಎಂದು ಎಲ್ಲರೂ ಹೇಳುತ್ತಾರೆ. ಕಾದಂಬರಿಗಳಲ್ಲಿ ಆ ಊರು ಒಮ್ಮೊಮ್ಮೆ ಬಳಸಿ ಸವೆದಂತೆ ಕಾಣುವುದುಂಟು. ಅದೇ ಗೌಡ, ಅದೇ ಗುಡಿ, ಅದೇ ಶಾಪ. ಹಾಡಿನಲ್ಲಿ ಹಾಗಾಗಿಲ್ಲ. 2019ರ ಜನವರಿಯಲ್ಲಿ ಧಾರವಾಡದಲ್ಲಿ ನಡೆದ 84ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಅವರು ತಾವು ಓದಿದ ಊರಿಗೆ ಮರಳಿದರು. ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತರುವ ಯೋಜನೆಯನ್ನು ಆ ವೇದಿಕೆಯಿಂದಲೇ ವಿರೋಧಿಸಿದರು. ಸುಬ್ಬಣ್ಣನವರು 2022ರ ಆಗಸ್ಟಿನಲ್ಲಿ ತೀರಿಕೊಂಡರು. ‘ಕಾಡು ಕುದುರೆ’ ಚಿತ್ರವನ್ನು ನೋಡಿದವರು ಈಗ ಅಪರೂಪ. ಹಾಡನ್ನು ಕಾಲೇಜಿನ ಹುಡುಗರು ಸ್ಪರ್ಧೆಗಳಲ್ಲಿ ಇನ್ನೂ ಹಾಡುತ್ತಾರೆ, ಬಹುತೇಕ ಎಲ್ಲರೂ ಸುಬ್ಬಣ್ಣನವರ ಧಾಟಿಯಲ್ಲಿ, ತಿದ್ದಿ ತೀಡಿದ ಸ್ವರದಲ್ಲಿ. ಕಂಬಾರರ ಬಾಯಲ್ಲಿ ಅದನ್ನು ಕೇಳಿದವರು ಮಾತ್ರ ಅದರ ಒರಟು ಅಂಚನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ, ಮತ್ತು ಅವರ ಪಕ್ಷದಲ್ಲಿ ನಾನೂ ಇದ್ದೇನೆ.